ಚೌಕಟ್ಟಿನ ನಕ್ಷೆ ನಮ್ಮ ಕೈಯಲ್ಲಿರಲಿ

ತೋಟದ ಕೆಲಸಕ್ಕೆ ಆಳು ಸಿಗುವುದಿಲ್ಲವೆಂಬುದನ್ನು ನಮ್ಮ ಸದಸ್ಯ ಬಾಂಧವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಅಡಿಕೆ ತೋಟದ ಬಸಿಗಾಲುವೆ ಬಿಡಿಸುವುದು, ಕಾಫಿ ಸಾಲುಗಳ ನಡುವೆ ತೊಟ್ಟಿಲು ಗುಂಡಿ ತೆಗೆಯುವುದು, ನೀರಿನ ಪೈಪಿಗೆ ಕಾಲುವೆ ತೋಡುವುದು, ಸತ್ತ ಮರದ ಬೊಡ್ಡೆ ಕೀಳುವುದು, ಇವೆಲ್ಲ ಗುದ್ದಲಿ ಪಿಕಾಸಿಯ ಕೆಲಸಗಳು. ಗುದ್ದಲಿ ಹಿಡಿಯುವ ಕೈಗಳೋ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಹೀಗಾಗಿ 18ರಿಂದ 25 ಅಶ್ವಶಕ್ತಿಯ ಸಣ್ಣ ಟ್ರ್ಯಾಕ್ಟರು ಇಟ್ಟುಕೊಂಡಿರುವ ಬೆಳೆಗಾರರ ಗಮನ ಅದರ ಹಿಂದೆ ಕಟ್ಟುವ ಅಗೆಯುವ ತೋಳಿನ ಕಡೆಗೆ, ಅಂದರೆ ಬ್ಯಾಕ್‌ಹೋ ಎಂಬ ಉಪಕರಣದ ಕಡೆಗೆ ಹರಿದಿರುವುದು ಸಹಜವೇ ಆಗಿದೆ.

ಆದರೆ ಒಂದು ಸಂಗತಿಯನ್ನು ನಾವು ಗಮನಿಸಿದ್ದೇವೆ. ಯಾವ ಕಂಪೆನಿಯ ತೋಳು ಒಳ್ಳೆಯದು, ಬಕೆಟ್ಟು ಎಷ್ಟು ಅಗಲ, ಎಷ್ಟು ಆಳ ಅಗೆಯುತ್ತದೆ ಎಂದು ಎಲ್ಲರೂ ವಿಚಾರಿಸುತ್ತಾರೆ. ಅದು ಟ್ರ್ಯಾಕ್ಟರನ್ನು ಯಾವುದರ ಆಧಾರದಿಂದ ಹಿಡಿದುಕೊಳ್ಳುತ್ತದೆ ಎಂದು ಕೇಳುವವರು ವಿರಳ. ತೋಳಿಗೆ ಲಕ್ಷಗಟ್ಟಲೆ ಕೊಟ್ಟವರು ಅದನ್ನು ಹೊರುವ ಚೌಕಟ್ಟಿಗೆ ಬಂದಾಗ ಚೌಕಾಸಿಗೆ ಕೂರುತ್ತಾರೆ. ಆನೆ ಕೊಂಡವನು ಅಂಕುಶಕ್ಕೆ ಜಗಳವಾಡಿದ ಹಾಗೆ. ಈ ವಿಚಾರವಾಗಿ ನಾಲ್ಕು ಮಾತು ಬರೆಯುವುದು ಅಗತ್ಯವೆಂದು ನಮಗೆ ತೋರಿದೆ.

ಸಣ್ಣ ಟ್ರ್ಯಾಕ್ಟರೇ ಏಕೆ, ಊರಿನ ಜೆಸಿಬಿ ಕರೆಸಿದರಾಗದೆ ಎನ್ನುವವರಿಗೆ ಉತ್ತರ ತೋಟದಲ್ಲಿಯೇ ಇದೆ. ಅಡಿಕೆಯನ್ನು ನಾವು 9 ಅಡಿಗೆ 9 ಅಡಿಯಂತೆ ನೆಟ್ಟಿದ್ದೇವೆ. ಜೆಸಿಬಿಯ ಅಗಲ ಏಳು ಅಡಿಗೂ ಮಿಗಿಲು, ತೂಕ ಏಳು ಟನ್ನಿಗೂ ಮಿಗಿಲು. ಅದು ಸಾಲಿನೊಳಗೆ ಹೊಕ್ಕರೂ ಹೊರಗೆ ಬರುವಾಗ ಬೇರು, ಮಣ್ಣು, ಕಾಲುವೆಯ ಏರಿ ಯಾವುದೂ ಮೊದಲಿನಂತಿರುವುದಿಲ್ಲ. ನಾಲ್ಕು ಅಡಿ ಆಸುಪಾಸಿನ ಸಣ್ಣ ಟ್ರ್ಯಾಕ್ಟರಿಗೆ ಆ ತೊಂದರೆಯಿಲ್ಲ. ಇಲ್ಲಿಯವರೆಗೆ ತಕರಾರಿಲ್ಲ.

ತಕರಾರು ಇರುವುದು ತೋಳನ್ನು ತ್ರೀ ಪಾಯಿಂಟ್ ಲಿಂಕೇಜಿಗೆ ನೇತುಹಾಕುವ ರೂಢಿಯಲ್ಲಿ. ಹ್ಯಾರಿ ಫರ್ಗುಸನ್ ಎಂಬವರು ರೂಪಿಸಿದ ಈ ಲಿಂಕೇಜು 1939ರಲ್ಲಿ ಫೋರ್ಡ್ ಟ್ರ್ಯಾಕ್ಟರಿನೊಂದಿಗೆ ಬಂದ ಮೇಲೆ ಜಗತ್ತಿನಾದ್ಯಂತ ಬಳಕೆಗೆ ಬಂತು. ಅದು ನೇಗಿಲಿಗಾಗಿ ಹುಟ್ಟಿದ ಏರ್ಪಾಟು. ನೇಗಿಲು ಹಿಂದಕ್ಕೆ ಎಳೆಯುತ್ತದೆ, ಟ್ರ್ಯಾಕ್ಟರು ಮುಂದಕ್ಕೆ ಎಳೆಯುತ್ತದೆ. ಕೆಳಗಿನ ಎರಡು ತೋಳುಗಳು ಉಪಕರಣವನ್ನು ಎತ್ತುತ್ತವೆಯೇ ಹೊರತು ಸಾಮಾನ್ಯವಾಗಿ ಕೆಳಕ್ಕೆ ಒತ್ತಿ ಹಿಡಿಯುವುದಿಲ್ಲ. ಬ್ಯಾಕ್‌ಹೋ ಮಾಡುವ ಕೆಲಸವೇ ಬೇರೆ. ಅದು ಒತ್ತುತ್ತದೆ, ಮೀಟುತ್ತದೆ, ಪಕ್ಕಕ್ಕೆ ತಿರುಚುತ್ತದೆ. ಬಕೆಟ್ಟನ್ನು ನೆಲಕ್ಕೆ ಒತ್ತಿದಾಗ ಹಿಂದಿನ ಉಪಕರಣವೇ, ಚಾಲಕ ಕುಳಿತ ಪೀಠದ ಸಮೇತ, ಮೇಲಕ್ಕೆ ಮಡಚಿಕೊಂಡು ಬರಬಹುದು. ಹಾಗೆ ಬಂದರೆ ಚಾಲಕ ಪೀಠಕ್ಕೂ ಟ್ರ್ಯಾಕ್ಟರಿಗೂ ನಡುವೆ ಸಿಕ್ಕಿಕೊಳ್ಳುತ್ತಾನೆ. ಹೊರದೇಶಗಳಲ್ಲಿ ಈ ಅಪಾಯ ಬಹಳ ಹಿಂದೆಯೇ ಅರಿವಿಗೆ ಬಂದಿದೆ. ಕುಬೋಟಾ ಕಂಪೆನಿಯ ಬಿಎಕ್ಸ್ ಮಾದರಿಯ ಸಣ್ಣ ಟ್ರ್ಯಾಕ್ಟರಿಗೆ ಬರುವ ಬ್ಯಾಕ್‌ಹೋ ಕೂರುವುದು ಪ್ರತ್ಯೇಕ ಅಡಿಚೌಕಟ್ಟಿನ ಮೇಲೆ, ಲಿಂಕೇಜಿನ ಮೇಲಲ್ಲ.

ಸ್ವಲ್ಪ ಲೆಕ್ಕ ಹಾಕೋಣ. ಬಕೆಟ್ಟಿನ ತುದಿಯಲ್ಲಿ 400 ಕಿಲೋ ಭಾರ ಬಿದ್ದಿದೆ, ಅದು ಲಿಂಕೇಜಿನಿಂದ 2 ಮೀಟರು ಹಿಂದಿದೆ ಎಂದಿಟ್ಟುಕೊಳ್ಳಿ. ಒಂದನೇ ದರ್ಜೆಯ ಲಿಂಕೇಜಿನಲ್ಲಿ ಕೆಳಗಿನ ಪಿನ್ನಿನಿಂದ ಮೇಲಿನ ಪಿನ್ನಿಗೆ ಇರುವ ಎತ್ತರ 460 ಮಿಲಿಮೀಟರು. 400ನ್ನು 2ರಿಂದ ಗುಣಿಸಿ 0.46ರಿಂದ ಭಾಗಿಸಿದರೆ ಸುಮಾರು 1,740 ಕಿಲೋ ಬರುತ್ತದೆ. ಟಾಪ್ ಲಿಂಕನ್ನು ಜಗ್ಗುವ ಬಲ ಹತ್ತಿರ ಹತ್ತಿರ ಒಂದೂಮುಕ್ಕಾಲು ಟನ್ನು ಎಂದಾಯಿತು. ಬಕೆಟ್ಟು ಬೊಡ್ಡೆಗೆ ಸಿಕ್ಕಿ ಝಾಡಿಸಿದಾಗ ಇದು ಇನ್ನೂ ಏರುತ್ತದೆ. 19 ಮಿ.ಮೀ. ಪಿನ್ನು ಅದನ್ನು ತಡೆದೀತು. ಪಿನ್ನನ್ನು ಹಿಡಿದಿರುವ ಎರಕದ ಬ್ರಾಕೆಟ್ಟು, ಅದರ ಹಿಂದಿನ ಹೌಸಿಂಗು ತಡೆದಾವೆ ಎಂಬುದೇ ಪ್ರಶ್ನೆ. ಅದೇ ಭಾರವನ್ನು ಹಿಂದಿನ ಆಕ್ಸಲಿನಿಂದ ಮುಂದಿನವರೆಗೆ 1.4 ಮೀಟರು ಉದ್ದ ಚಾಚಿದ ಚೌಕಟ್ಟಿಗೆ ಕೊಟ್ಟರೆ ಅದರ ಎರಡು ಹಿಡಿತಗಳ ಮೇಲೆ ಬೀಳುವ ಬಲ ಸುಮಾರು 570 ಕಿಲೋ ಮಾತ್ರ.

ಊರುಗಾಲುಗಳನ್ನು ನೆಲಕ್ಕೆ ಊರಿದ ಮೇಲೆ ಭಾರವೆಲ್ಲ ಅವುಗಳ ಮೇಲಲ್ಲವೇ ಎಂದು ಕೆಲವರು ಕೇಳುತ್ತಾರೆ. ನೇರವಾಗಿ ಇಳಿಯುವ ಭಾರ ಹೌದು. ಮಗುಚುವ ಬಲವನ್ನು ತಡೆಯುವುದು ಮುಂದಿರುವ ಟ್ರ್ಯಾಕ್ಟರಿನ ತೂಕ, ಆ ತೂಕದವರೆಗೆ ಬಲ ಸಾಗಬೇಕಾದ ದಾರಿ ಜೋಡಣೆಯ ಜಾಗವೇ. ಅಲ್ಲದೆ ಸಣ್ಣ ಟ್ರ್ಯಾಕ್ಟರಿಗೆ ಲಾರಿಗೆ ಇರುವಂತಹ ಚಾಸಿಸ್ ಇರುವುದಿಲ್ಲ. ಎಂಜಿನ್ನು, ಕ್ಲಚ್ ಹೌಸಿಂಗು, ಗೇರ್‌ಬಾಕ್ಸು ಒಂದಕ್ಕೊಂದು ಬೋಲ್ಟಿನಿಂದ ಬಿಗಿದುಕೊಂಡು ಅವೇ ಬೆನ್ನೆಲುಬಾಗಿರುತ್ತವೆ. ಹಿಂದೆ ಮಾತ್ರ ಕಟ್ಟಿ ದಿನವಿಡೀ ಮೀಟುತ್ತಿದ್ದರೆ ಆ ಬೆನ್ನೆಲುಬು ನಡುವಿನಲ್ಲಿ ಬಾಯಿ ಬಿಡುವುದುಂಟು. ಮೊದಲು ಕ್ಲಚ್ ಹೌಸಿಂಗಿನ ಸೇರುವೆಯಲ್ಲಿ ಎಣ್ಣೆ ಜಿನುಗುತ್ತದೆ, ಬೋಲ್ಟು ಸಡಿಲವಾಗುತ್ತದೆ, ಆಮೇಲೆ ಎರಕ ಸೀಳುತ್ತದೆ. ಆಗ ಉಳಿತಾಯ ಮಾಡಿದ ಚೌಕಟ್ಟಿನ ಹಣ ಯಾವ ಮೂಲೆಗೂ ಸಾಲುವುದಿಲ್ಲ.

ಆದ್ದರಿಂದ ತೋಳು ಕೊಳ್ಳುವವರು ಅಡಿಚೌಕಟ್ಟನ್ನೂ ಸೇರಿಸಿಯೇ ಕೊಳ್ಳಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ನಮ್ಮ ಟ್ರ್ಯಾಕ್ಟರಿನ ಮಾದರಿಗೆ ಕಂಪೆನಿಯೇ ಚೌಕಟ್ಟು ಮಾಡಿ ಮಾರುತ್ತಿದ್ದರೆ ಬೇರೆ ಯೋಚನೆ ಬೇಡ, ಅದನ್ನೇ ತರಬೇಕು. ತೊಡಕು ಬರುವುದು ಟ್ರ್ಯಾಕ್ಟರು ಒಬ್ಬರದು, ತೋಳು ಇನ್ನೊಬ್ಬರದು ಆದಾಗ. ನಮ್ಮಲ್ಲಿ ಬಹುಪಾಲು ಆಗುವುದು ಇದೇ. ಆಗ ಚೌಕಟ್ಟನ್ನು ಹೇಳಿ ಮಾಡಿಸಬೇಕಾಗುತ್ತದೆ, ಹೇಳಿ ಮಾಡಿಸಲು ನಮ್ಮವರು ಬೆಂಗಳೂರಿನ ಹಾದಿ ಹಿಡಿಯುತ್ತಾರೆ.

ಪೀಣ್ಯಕ್ಕೆ ಹೋಗಬಾರದೇ ಎಂದರೆ ಧಾರಾಳವಾಗಿ ಹೋಗಬಹುದು. ಆದರೆ ಇಂತಹ ಒಂದೊಂದು ಬಿಡಿ ಕೆಲಸಕ್ಕೆ ದಂಡಿನಿಂದ ಪೂರ್ವಕ್ಕೆ, ಹಳೆಯ ಮದ್ರಾಸು ರಸ್ತೆಯ ಗುಂಟ ಕೆ.ಆರ್. ಪುರದವರೆಗೆ ಹರಡಿರುವ ಪ್ರದೇಶ ಹೆಚ್ಚು ಅನುಕೂಲವೆಂಬುದು ನಮ್ಮ ಎಣಿಕೆ. 1809ರಲ್ಲಿ ದಂಡು ನೆಲೆಗೊಂಡಂದಿನಿಂದ ಕಮ್ಮಾರಿಕೆ, ಗಾಡಿ ಕೆಲಸ, ಫಿಟ್ಟರ್ ಕೆಲಸ ಈ ಭಾಗಕ್ಕೆ ಹೊಸತಲ್ಲ. ಹಲಸೂರು ಕೆರೆಯ ಬಳಿ ನೆಲೆಯಿರುವ ಮದ್ರಾಸು ಸ್ಯಾಪರ್ಸ್ ಪಡೆಯ ಅಧಿಕಾರಿಯೊಬ್ಬರು ಕೊಳವೆಗೆ ಕೊಳವೆ ಜೋಡಿಸಿ 1912ರಲ್ಲಿ ಮಾಡಿದ ಸಾಧನ ಬೆಂಗಳೂರು ಟಾರ್ಪೆಡೊ ಎಂಬ ಹೆಸರಿನಿಂದ ಎರಡು ಮಹಾಯುದ್ಧಗಳಲ್ಲಿ ಮುಳ್ಳುತಂತಿ ಒಡೆದದ್ದು ಚರಿತ್ರೆ. 1948ರಲ್ಲಿ ದೂರವಾಣಿನಗರದಲ್ಲಿ ಐ.ಟಿ.ಐ. ಬಂತು. ಬೈಯಪ್ಪನಹಳ್ಳಿಯಲ್ಲಿ ಎನ್.ಜಿ.ಇ.ಎಫ್. ಬಂದು, ಬೆಳೆದು, ಮುಚ್ಚಿಯೂ ಹೋಯಿತು. ಮಣ್ಣು ಅಗೆಯುವ ದೊಡ್ಡ ಯಂತ್ರಗಳಿಗೆ ಹೆಸರಾದ ಬಿ.ಇ.ಎಂ.ಎಲ್. 1964ರಲ್ಲಿ ಹುಟ್ಟಿತು. ಇಂದಿರಾನಗರಕ್ಕೆ ಅಂಟಿಕೊಂಡಿರುವ ಹೊಸ ತಿಪ್ಪಸಂದ್ರದ ಅದರ ಘಟಕದಲ್ಲಿ ರೈಲು ಬೋಗಿಗಳು ತಯಾರಾದರೆ, ಅಗೆಯುವ ಯಂತ್ರಗಳು ಕೆ.ಜಿ.ಎಫ್.ನಲ್ಲಿ ತಯಾರಾಗುತ್ತವೆ. ನಮಗೆ ಇನ್ನೂ ಹತ್ತಿರದ್ದು ವಿ.ಎಸ್.ಟಿ. ಕಂಪೆನಿ. ನಮ್ಮ ಅನೇಕ ತೋಟಗಳಿಗೆ ಪವರ್ ಟಿಲ್ಲರನ್ನೂ ಆಮೇಲೆ ಮಿತ್ಸುಬಿಷಿ ಶಕ್ತಿ ಸಣ್ಣ ಟ್ರ್ಯಾಕ್ಟರನ್ನೂ ಕೊಟ್ಟ ಈ ಕಂಪೆನಿ 1967ರಲ್ಲಿ ಜಪಾನಿನ ಮಿತ್ಸುಬಿಷಿಯ ಸಹಯೋಗದಿಂದ ಆರಂಭವಾಗಿ, ಕೆ.ಆರ್. ಪುರದ ಪಕ್ಕದ ಮಹದೇವಪುರದ ಹೆಸರಿನೊಂದಿಗೇ ಬೆಳೆಯಿತು. ಇಂತಹ ಕಾರ್ಖಾನೆಗಳಿರುವ ಕಡೆ ಪ್ಲೇಟು ಕತ್ತರಿಸುವವರು, ಲೇತಿನವರು, ಬೋರಿಂಗಿನವರು, ವೆಲ್ಡರುಗಳು ಸುತ್ತ ನೆಲೆ ನಿಲ್ಲುವುದು ವಾಡಿಕೆ. ಈಗ ಮೆಟ್ರೊ ನೇರಳೆ ಮಾರ್ಗ ಮೆಜೆಸ್ಟಿಕ್ಕಿನಿಂದ ಹಲಸೂರು, ಇಂದಿರಾನಗರ, ಬೈಯಪ್ಪನಹಳ್ಳಿ ದಾಟಿ 2023ರಿಂದ ಕೆ.ಆರ್. ಪುರ, ಹೂಡಿಯವರೆಗೂ ಒಂದೇ ಓಟಕ್ಕೆ ಹೋಗುವುದರಿಂದ ರಾತ್ರಿ ಬಸ್ಸಿನಲ್ಲಿ ಬಂದವರು ಬೆಳಗಿನ ಹೊತ್ತಿನಲ್ಲಿಯೇ ನಾಲ್ಕು ಶೆಡ್ಡು ನೋಡಬಹುದು. ಇಂದಿರಾನಗರದಲ್ಲಿ ಇಳಿದು ನಮ್ಮದೇ ಕಾಫಿಯನ್ನು ಅಲ್ಲಿ ಏನು ಬೆಲೆಗೆ ಮಾರುತ್ತಾರೆ ಎಂದು ನೋಡಬಯಸುವವರು ಎದೆ ಗಟ್ಟಿ ಮಾಡಿಕೊಂಡು ಹೋಗಲಿ.

ಶಿವಾಜಿನಗರದ ಗುಜರಿ ಅಂಗಡಿಗಳ ಬಗ್ಗೆ ಒಂದು ಮಾತು. ಹಳೆಯ ಗಾಡಿಗಳನ್ನು ಬಿಚ್ಚಿ ಮಾರುವ ಆ ಬೀದಿಗಳಲ್ಲಿ ಸಿಗದ ವಸ್ತುವಿಲ್ಲ ಎನ್ನುತ್ತಾರೆ. ಊರುಗಾಲಿನ ಪಾದಕ್ಕೆ ಪ್ಲೇಟು, ಪೀಠ, ಎಣ್ಣೆಯ ಡಬ್ಬಕ್ಕೆ ಮುಚ್ಚಳ ಇಂಥವನ್ನು ಅಲ್ಲಿಂದ ತಂದರೆ ದುಡ್ಡು ಉಳಿಯುತ್ತದೆ. ಚೌಕಟ್ಟಿನ ಉಕ್ಕನ್ನು ಮಾತ್ರ ಅಲ್ಲಿಂದ ತರಬೇಡಿ. ಲಾರಿಯ ಸ್ಪ್ರಿಂಗ್ ಪಟ್ಟಿ ಬಹಳ ಗಟ್ಟಿ, ಅದನ್ನೇ ಹಾಕೋಣ ಎಂಬ ಸಲಹೆ ಬರುತ್ತದೆ. ಗಟ್ಟಿ ಹೌದು. ಅದರಲ್ಲಿ ಇಂಗಾಲದ ಅಂಶ ಹೆಚ್ಚಿರುವುದರಿಂದ ಮಾಮೂಲಿಯಾಗಿ ವೆಲ್ಡ್ ಮಾಡಿದರೆ ಬೆಸುಗೆಯ ಪಕ್ಕದಲ್ಲಿಯೇ ಗಾಜಿನಂತೆ ಬಿರುಕು ಬಿಡುತ್ತದೆ. ಐ.ಎಸ್. 2062 ಗುರುತಿನ ಹೊಸ ಪ್ಲೇಟು, ಹೊಸ ಚಾನೆಲ್ಲು ಬಳಸಿ ಎಂದು ಮೇಸ್ತ್ರಿಗೆ ಬರೆದೇ ಕೊಡಬೇಕು, ಬಿಲ್ಲಿನಲ್ಲಿಯೂ ಅದನ್ನು ಬರೆಸಬೇಕು.

ಈಗ ಮುಖ್ಯ ತೊಡಕಿಗೆ ಬರೋಣ. ಶೆಡ್ಡಿಗೆ ಹೋದ ಬೆಳೆಗಾರನಿಗೆ ಸಿಗುವ ಮೊದಲ ಮಾತು, "ಗಾಡಿ ತನ್ನಿ ಸಾರ್, ಇಲ್ಲಾ ಡ್ರಾಯಿಂಗ್ ತನ್ನಿ." ನ್ಯಾಯವಾದ ಮಾತೇ. ಆದರೆ ಟ್ರ್ಯಾಕ್ಟರು ಇರುವುದು ಕೊಪ್ಪದಲ್ಲಿಯೋ ಸೋಮವಾರಪೇಟೆಯಲ್ಲಿಯೋ ಸಾಗರದಲ್ಲಿಯೋ. ಅದನ್ನು ಲಾರಿಗೆ ಹೇರಿ ಬೆಂಗಳೂರಿಗೆ ತಂದು, ವಾರಗಟ್ಟಲೆ ಶೆಡ್ಡಿನಲ್ಲಿ ನಿಲ್ಲಿಸಿ ಮರಳಿ ಒಯ್ಯುವ ಖರ್ಚಿನಲ್ಲಿ ಅರ್ಧ ಚೌಕಟ್ಟು ಆಗಿಬಿಡುತ್ತದೆ. ಡ್ರಾಯಿಂಗ್ ಎಂಬುದು ನಮ್ಮಲ್ಲಿ ಯಾರ ಬಳಿಯೂ ಇಲ್ಲ. ಇರುವುದು ಮೊಬೈಲಿನಲ್ಲಿ ತೆಗೆದ ಐದಾರು ಫೋಟೋ, ಟೇಪು ಹಿಡಿದು ಬೀಡಿ ಕಟ್ಟಿನ ಹಿಂದೆ ಗೀಚಿದ ನಾಲ್ಕು ಅಳತೆ. ಅದನ್ನು ನಂಬಿ ಮಾಡಿದ ಚೌಕಟ್ಟು ಊರಿಗೆ ಬಂದಾಗ ಒಂದು ತೂತು ಅರ್ಧ ಇಂಚು ಆಚೆ ನಿಂತಿರುತ್ತದೆ. ಆಗ ಊರಿನ ವೆಲ್ಡರು ಗ್ಯಾಸಿನಲ್ಲಿ ತೂತನ್ನು ಹಿಗ್ಗಿಸಿ, ವಾಷರು ಬೆಸೆದು ಹೇಗೋ ಕೂರಿಸಿ ಕಳಿಸುತ್ತಾನೆ. ಹಿಗ್ಗಿದ ತೂತಿನಲ್ಲಿ ಬೋಲ್ಟು ಅಲ್ಲಾಡುತ್ತದೆ, ಅಲ್ಲಾಡಿದ ಬೋಲ್ಟು ಎರಕದ ಮರೆಯನ್ನು ತಿನ್ನುತ್ತದೆ. ಶೆಡ್ಡಿನವರದೂ ತಪ್ಪಲ್ಲ, ಊರಿನ ವೆಲ್ಡರನದೂ ತಪ್ಪಲ್ಲ. ನಡುವೆ ಇರಬೇಕಾದ ಕಾಗದ ಇಲ್ಲ, ಅಷ್ಟೆ.

ಆ ಕಾಗದ ಮಾಡುವುದು ಬ್ರಹ್ಮವಿದ್ಯೆಯೇನಲ್ಲ. ಟ್ರ್ಯಾಕ್ಟರನ್ನು ಸಮತಟ್ಟಾದ ಕಣದಲ್ಲಿ ನಿಲ್ಲಿಸಿ, ಹಿಂದಿನ ಆಕ್ಸಲ್ ಹೌಸಿಂಗು, ಗೇರ್‌ಬಾಕ್ಸಿನ ಪಕ್ಕ, ಮುಂದಿನ ಆಕ್ಸಲನ್ನು ಹೊತ್ತಿರುವ ಎರಕದ ತುಂಡು, ಈ ಮೂರು ಕಡೆ ಕಂಪೆನಿಯವರೇ ಬಿಟ್ಟಿರುವ ಮರೆಯ ತೂತುಗಳನ್ನು ಹುಡುಕಬೇಕು. ಚೌಕಟ್ಟು ಹಿಡಿಯಬೇಕಾದದ್ದು ಅವುಗಳನ್ನೇ. ಎರಕಕ್ಕೆ ಹೊಸ ತೂತು ಕೊರೆಯುವುದಾಗಲಿ ಎರಕದ ಮೇಲೆ ವೆಲ್ಡ್ ಮಾಡುವುದಾಗಲಿ ಕೂಡದು. ಮುಂದಿನ ಆಕ್ಸಲು ಏರುಪೇರಿನ ನೆಲದಲ್ಲಿ ತೊಟ್ಟಿಲಿನಂತೆ ತೂಗಬೇಕಾದ್ದರಿಂದ ಆಕ್ಸಲಿಗೇ ಚೌಕಟ್ಟನ್ನು ಕಟ್ಟಬಾರದು. ಟೇಪಿನ ಅಳತೆಗಿಂತ ದಪ್ಪ ರಟ್ಟು ಅಥವಾ ಪ್ಲೈವುಡ್ಡಿನ ಅಚ್ಚು ಮೇಲು. ರಟ್ಟನ್ನು ತೂತುಗಳ ಮೇಲೆ ಒತ್ತಿ ಹಿಡಿದು, ಗುರುತು ಮೂಡಿಸಿ, ಪಂಚಿನಿಂದ ತೂತು ಮಾಡಿ, ಅದೇ ಬೋಲ್ಟನ್ನು ಹಾಕಿ ನೋಡಬೇಕು. ಎಣ್ಣೆ ಇಳಿಸುವ ಪ್ಲಗ್ಗು, ಫಿಲ್ಟರು, ಬ್ರೇಕಿನ ರಾಡು, ಕ್ಲಚ್ಚಿನ ರಾಡು ಎಲ್ಲೆಲ್ಲಿವೆ ಎಂದು ಅದೇ ಅಚ್ಚಿನ ಮೇಲೆ ಗುರುತಿಸಬೇಕು. ಎಣ್ಣೆ ಬದಲಿಸುವಾಗಲೆಲ್ಲ ಇಡೀ ಚೌಕಟ್ಟು ಬಿಚ್ಚಬೇಕಾಗಿ ಬಂದರೆ ಎರಡನೆಯ ಸಲಕ್ಕೆ ಯಾರೂ ಎಣ್ಣೆ ಬದಲಿಸುವುದಿಲ್ಲ, ಇದು ಮನುಷ್ಯ ಸ್ವಭಾವ.

ಬೋಲ್ಟಿನ ಉದ್ದದಲ್ಲಿ ಬಹಳ ಜನ ಎಡವುತ್ತಾರೆ. 12 ಮಿ.ಮೀ. ದಪ್ಪದ ಪ್ಲೇಟನ್ನು ನಡುವೆ ಹಾಕಿದರೆ ಬೋಲ್ಟು ಅಷ್ಟೇ ಉದ್ದ ಹೆಚ್ಚಬೇಕು. ಹಳೆಯ ಬೋಲ್ಟನ್ನೇ ಹಾಕಿದರೆ ಮರೆಯಲ್ಲಿ ನಾಲ್ಕೇ ಸುತ್ತು ಹಿಡಿದಿರುತ್ತದೆ. ಎರಕದಲ್ಲಿ ಬೋಲ್ಟಿನ ದಪ್ಪದ ಒಂದೂವರೆ ಪಟ್ಟಾದರೂ ಒಳಗಿರಬೇಕು, ಅಂದರೆ ಎಂ-14 ಬೋಲ್ಟಿಗೆ 21 ಮಿ.ಮೀ. ಹಾಗೆಂದು ತೀರ ಉದ್ದದ್ದು ಹಾಕಿದರೆ ತೂತಿನ ತಳಕ್ಕೆ ಮುಟ್ಟಿ, ಬಿಗಿಯಾದಂತೆ ತೋರಿದರೂ ಪ್ಲೇಟನ್ನು ಹಿಡಿದಿರುವುದಿಲ್ಲ. ತಲೆಯ ಮೇಲೆ 8.8 ಅಥವಾ 10.9 ಎಂದು ಅಚ್ಚಾಗಿರುವ ಬೋಲ್ಟು ಬಿಟ್ಟು ಬೇರೆ ಹಾಕಬಾರದು.

ವೆಲ್ಡಿಂಗಿನ ವಿಚಾರದಲ್ಲಿ ಶೆಡ್ಡಿನವರಿಗೆ ನಾವು ಪಾಠ ಹೇಳಬೇಕಾಗಿಲ್ಲ, ಕೇಳಬೇಕಾದ ಪ್ರಶ್ನೆ ಕೆಲವಿವೆ. ದಪ್ಪ ಪ್ಲೇಟಿಗೆ 7018 ಕಡ್ಡಿ ಹಾಕುತ್ತೀರಾ, ಹಾಕುವ ಮೊದಲು ಒಲೆಯಲ್ಲಿ ಒಣಗಿಸುತ್ತೀರಾ? ಪಿನ್ನು ಕೂರುವ ಬಾಸುಗಳನ್ನು ವೆಲ್ಡಿಂಗು ಆದ ಮೇಲೆ ಬೋರ್ ಮಾಡುತ್ತೀರಾ, ಮೊದಲೇ ಮಾಡುತ್ತೀರಾ? ವೆಲ್ಡಿಂಗಿನ ಶಾಖಕ್ಕೆ ಉಕ್ಕು ಎಳೆದುಕೊಳ್ಳುವುದರಿಂದ ಮೊದಲೇ ಮಾಡಿದ ಎರಡು ತೂತು ಆಮೇಲೆ ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ. ಊರಿನಲ್ಲಿ ಟ್ರ್ಯಾಕ್ಟರಿನ ಮೇಲೆಯೇ ಚುಕ್ಕೆ ವೆಲ್ಡ್ ಮಾಡಬೇಕಾಗಿ ಬಂದರೆ ಬ್ಯಾಟರಿಯ ತಂತಿ ಕಳಚಿ, ಅರ್ತಿಂಗನ್ನು ವೆಲ್ಡ್ ಮಾಡುವ ಪ್ಲೇಟಿಗೇ ಕಚ್ಚಿಸಬೇಕು. ಅರ್ತು ಬೇರೆಲ್ಲೋ ಇದ್ದರೆ ವಿದ್ಯುತ್ತು ಗೇರ್‌ಬಾಕ್ಸಿನ ಬೇರಿಂಗುಗಳ ಮೂಲಕ ಹಾದು ಅವನ್ನು ಸುಡುತ್ತದೆ. ಪೂರ್ತಿ ವೆಲ್ಡಿಂಗು ಕೆಳಗಿಳಿಸಿದ ಮೇಲೆಯೇ. ಮೊದಲ ಹತ್ತು ಗಂಟೆ ಕೆಲಸವಾದ ಕೂಡಲೇ ಎಲ್ಲ ಬೋಲ್ಟುಗಳನ್ನೂ ಮತ್ತೆ ಬಿಗಿಮಾಡಿ, ಬೆಸುಗೆಯ ಅಂಚಿನಲ್ಲಿ ಬಣ್ಣ ಗೆರೆಗೆರೆಯಾಗಿ ಒಡೆದಿದೆಯೇ ನೋಡಬೇಕು. ಬಣ್ಣ ಒಡೆದ ಕಡೆ ಕೆಳಗೆ ಉಕ್ಕೂ ಒಡೆಯತೊಡಗಿದೆ ಎಂದೇ ತಿಳಿಯತಕ್ಕದ್ದು.

ಹೈಡ್ರಾಲಿಕ್ ಎಣ್ಣೆಯ ಪಂಪು, ಹೋಸುಗಳ ಬಗ್ಗೆ ಬೇರೆಯೇ ಲೇಖನ ಬೇಕು. ಒಂದನ್ನು ಮಾತ್ರ ಇಲ್ಲಿಯೇ ಹೇಳಿಬಿಡುತ್ತೇವೆ. ಹೋಸಿನಲ್ಲಿ ಸೂಜಿ ಮೊನೆಯಷ್ಟು ತೂತಿದ್ದರೂ ಅಲ್ಲಿಂದ ಚಿಮ್ಮುವ ಎಣ್ಣೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಕೈಯಿಂದ ತಡವಿ ಸೋರಿಕೆ ಹುಡುಕಬಾರದು. ತಗಲಿದರೆ ಗಾಯ ಸಣ್ಣದೆಂದು ಮನೆಯಲ್ಲಿ ಕೂರದೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.

ಇದೆಲ್ಲ ಏಕೆ, ರಬ್ಬರು ಪಟ್ಟಿಯ ಸಣ್ಣ ಎಕ್ಸ್‌ಕವೇಟರು ಬಾಡಿಗೆಗೆ ಸಿಗುತ್ತದಲ್ಲ ಎಂಬ ಆಕ್ಷೇಪಣೆ ಇದೆ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಮೂರು ನಾಲ್ಕು ಎಕರೆಯ ಹಿಡುವಳಿ, ವರ್ಷಕ್ಕೆ ನಾಲ್ಕೈದು ದಿನದ ಅಗೆತ ಇರುವವರು ತೋಳನ್ನು ಕೊಳ್ಳದಿರುವುದೇ ಜಾಣತನ. ಬಾಡಿಗೆಗೆ ತರಿಸಲಿ. ಆದರೆ ಇಳಿಜಾರಿನ ಒಳತೋಟಗಳಿಗೆ ಬಾಡಿಗೆ ಯಂತ್ರ ಬರುವುದು ನಮಗೆ ಬೇಕಾದ ದಿನವಲ್ಲ, ಅದಕ್ಕೆ ಬಿಡುವಾದ ದಿನ. ಮಳೆ ಹಿಡಿದ ಮೇಲೆ ಬಂದು ಪ್ರಯೋಜನವೇನು? ನಾಲ್ಕಾರು ಮಂದಿ ನೆರೆಹೊರೆಯವರು ಸೇರಿ ಒಂದು ತೋಳು ತಂದು, ತಮ್ಮ ತಮ್ಮ ಟ್ರ್ಯಾಕ್ಟರಿಗೆ ಒಂದೊಂದು ಚೌಕಟ್ಟು ಮಾತ್ರ ಮಾಡಿಸಿಕೊಳ್ಳುವ ದಾರಿಯೂ ಇದೆ. ಅದಕ್ಕೆ ಎಲ್ಲರ ಚೌಕಟ್ಟಿನ ಕೊಕ್ಕೆಗಳೂ ಒಂದೇ ಅಳತೆಯಲ್ಲಿರಬೇಕು. ನಕ್ಷೆಯಿಲ್ಲದೆ ಅದು ಆಗದ ಮಾತು.

ಆದ್ದರಿಂದ ನಮ್ಮ ಸಂಘ ಈ ಕೆಲಸವನ್ನು ಕೈಗೆತ್ತಿಕೊಳ್ಳಬೇಕೆಂದು ಆಡಳಿತ ಮಂಡಳಿಯನ್ನು ಆಗ್ರಹಪಡಿಸುತ್ತೇವೆ. ಸದಸ್ಯರಲ್ಲಿ ಹೆಚ್ಚಾಗಿರುವ ನಾಲ್ಕೈದು ಮಾದರಿಯ ಟ್ರ್ಯಾಕ್ಟರುಗಳನ್ನು ಆರಿಸಿ, ಒಬ್ಬ ಮೆಕ್ಯಾನಿಕಲ್ ಎಂಜಿನಿಯರಿಗೆ ಸಂಭಾವನೆ ಕೊಟ್ಟು ಅಳತೆ ತೆಗೆಸಿ, ನಕ್ಷೆ ಬರೆಸಬೇಕು. ಟ್ರ್ಯಾಕ್ಟರು ಕಂಪೆನಿಗಳಿಂದ ಮರೆತೂತುಗಳ ಅಳತೆಯನ್ನು ಕೇಳಬೇಕಾದದ್ದೂ ಸಂಘವೇ. ಒಬ್ಬ ಬೆಳೆಗಾರ ಕೇಳಿದರೆ ಸಿಗದ ಉತ್ತರ ಸಂಘದ ಕಾಗದಕ್ಕೆ ಸಿಕ್ಕೀತು. ಹೀಗೆ ಚೌಕಟ್ಟು ಹಾಕಿದರೆ ವಾರಂಟಿ ಉಳಿಯುತ್ತದೆಯೇ ಎಂದೂ ಅದೇ ಕಾಗದದಲ್ಲಿ ಲಿಖಿತವಾಗಿ ಕೇಳಬೇಕು. ನಕ್ಷೆ ಸಂಘದ ಆಸ್ತಿಯಾಗಿರಬೇಕು, ಶೆಡ್ಡಿನದಲ್ಲ. ಇಂದು ಮಾಡಿಸಿದ ಶೆಡ್ಡು ನಾಳೆ ಮುಚ್ಚಿದರೆ, ಜಾಗ ಮಾರಿ ಅಪಾರ್ಟ್‌ಮೆಂಟ್ ಎದ್ದರೆ (ಆ ಕಡೆ ಇದು ದಿನನಿತ್ಯದ ಸಂಗತಿ), ನಮ್ಮ ಅಳತೆಯೂ ಅದರೊಂದಿಗೆ ಹೋಗಬಾರದು. ಹತ್ತು ಚೌಕಟ್ಟಿನ ಪ್ಲೇಟುಗಳನ್ನು ಒಟ್ಟಿಗೆ ಕತ್ತರಿಸಿ, ಒಂದೇ ಅಚ್ಚಿನಲ್ಲಿ ಕೂರಿಸಿ ವೆಲ್ಡ್ ಮಾಡಿಸಿದರೆ ಒಂದೊಂದರ ಕೂಲಿಯೂ ಇಳಿಯುತ್ತದೆ, ತೂತುಗಳೂ ಒಂದೇ ಸಮನಾಗಿರುತ್ತವೆ. ಮೊದಲ ಚೌಕಟ್ಟನ್ನು ಮಾರುವುದಕ್ಕೆ ಮುನ್ನ ಪರೀಕ್ಷೆಗೆ ಒಡ್ಡಬೇಕು. ಕೇಂದ್ರ ಸರ್ಕಾರದ ಕೃಷಿ ಯಂತ್ರ ಪರೀಕ್ಷಾ ಸಂಸ್ಥೆ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿದೆ. ಜಿ.ಕೆ.ವಿ.ಕೆ.ಯ ಕೃಷಿ ಎಂಜಿನಿಯರಿಂಗ್ ವಿಭಾಗ ಬೆಂಗಳೂರಿನಲ್ಲಿಯೇ ಇದೆ. ಅಲ್ಲಿನ ತಜ್ಞರಿಗೆ ನಕ್ಷೆ ತೋರಿಸಿ ಅಭಿಪ್ರಾಯ ಪಡೆಯುವುದಕ್ಕೆ ಸಂಘಕ್ಕೆ ದೊಡ್ಡ ಖರ್ಚೇನೂ ಬಾರದು.

ಬೆಲೆಗಾಗಿ ಒಗ್ಗೂಡಿ 1973ರಲ್ಲಿ ಕ್ಯಾಂಪ್ಕೊ ಕಟ್ಟಿದ ಬೆಳೆಗಾರರ ಸಮುದಾಯ ನಮ್ಮದು. ಪುತ್ತೂರಿನ ಯಂತ್ರ ಮೇಳಗಳಲ್ಲಿ ಅಡಿಕೆ ಸುಲಿಯುವ ಯಂತ್ರ, ಮರ ಹತ್ತುವ ಸಾಧನ ತಾವೇ ಮಾಡಿ ತಂದ ಕೃಷಿಕರನ್ನು ಕಂಡಿದ್ದೇವೆ. ಅಂಥವರು ಕಬ್ಬಿಣದ ಒಂದು ಚೌಕಟ್ಟಿಗಾಗಿ ಒಬ್ಬೊಬ್ಬರೇ ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ಅಲೆದು, ಒಬ್ಬೊಬ್ಬರೂ ಬೇರೆ ಬೇರೆ ಅಳತೆಯದನ್ನು ಹೊತ್ತು ತರುವುದು ನಮಗೆ ಸರಿ ಕಾಣುವುದಿಲ್ಲ.

ಬರುವ ಮಹಾಸಭೆಯಲ್ಲಿ ಈ ವಿಷಯವನ್ನು ಮಂಡಿಸುವವರಿದ್ದೇವೆ. ಅಷ್ಟರೊಳಗೆ ಸಣ್ಣ ಟ್ರ್ಯಾಕ್ಟರು ಇರುವ ಸದಸ್ಯರು ತಮ್ಮ ಟ್ರ್ಯಾಕ್ಟರಿನ ಕಂಪೆನಿ, ಮಾದರಿ, ಕೊಂಡ ವರ್ಷ, ತೋಳು ಈಗಾಗಲೇ ಇದ್ದರೆ ಅದನ್ನು ಯಾವುದಕ್ಕೆ ಕಟ್ಟಿದ್ದಾರೆ ಎಂಬ ವಿವರವನ್ನು ಒಂದು ಕಾರ್ಡಿನಲ್ಲಿ ಬರೆದು ಸಂಘದ ಕಚೇರಿಗೆ ತಲುಪಿಸಬೇಕಾಗಿ ಕೋರುತ್ತೇವೆ. ತ್ರೀ ಪಾಯಿಂಟಿಗೇ ಕಟ್ಟಿ ಕೆಲಸ ಮಾಡುತ್ತಿರುವವರು ಕ್ಲಚ್ ಹೌಸಿಂಗಿನ ಸೇರುವೆಯನ್ನು ಚೆನ್ನಾಗಿ ಒರೆಸಿ, ಒಂದು ದಿನದ ಕೆಲಸದ ನಂತರ ಅಲ್ಲಿ ಎಣ್ಣೆ ಜಿನುಗಿದೆಯೇ ನೋಡಿ, ಆ ಸಂಗತಿಯನ್ನೂ ಅದೇ ಕಾರ್ಡಿನಲ್ಲಿ ಬರೆಯಲಿ.